ಕಿವಿಯಲ್ಲೇ ಕೂರಿಸಿದ ಟೈಮಿಂಗ್

ಮಂತ್ರಾಲಯ
11 ಜುಲೈ 2025

ಚಿ. ವೇದಾಂತನಿಗೆ ಅಪ್ಪನ ಆಶೀರ್ವಾದ.

ಸುಖವಾಗಿ ತಲುಪಿದೆ, ಕೋಣೆ ಸಿಕ್ಕಿದೆ, ಶಾಕವ್ರತ ಶುರುವಾಗಿದೆ. ಒಂದು ತಿಂಗಳು ತರಕಾರಿ ಇಲ್ಲ, ಸೊಪ್ಪಿಲ್ಲ. ಅದೇನೂ ಕಷ್ಟವಲ್ಲ. ಕಷ್ಟವಾಗಿರುವುದು ಮೊಬೈಲು. ಚಾತುರ್ಮಾಸ್ಯ ಮುಗಿಯುವವರೆಗೆ ಮುಟ್ಟುವುದಿಲ್ಲ ಎಂದು ಸಂಕಲ್ಪ ಮಾಡಿಬಿಟ್ಟೆನಲ್ಲ, ಈಗ ಖಾಲಿ ಜೇಬನ್ನು ಹೊತ್ತುಹೊತ್ತಿಗೂ ತಡವಿ ನೋಡಿಕೊಳ್ಳುತ್ತೇನೆ. ನನ್ನ ಕೋಣೆಯಲ್ಲಿ ಕಮಲಾಪುರದ ಶೀನಪ್ಪ ಇದ್ದಾರೆ, ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಅನ್ನ ಬಿಡೋದು ಹಗುರ ಅದರಿ ವಿದ್ಯಾಧೀಶಪ್ಪ, ಆ ಡಬ್ಬಿ ಬಿಡೋದು ಭಾಳ ಕಠಿಣ ಅದ" ಎಂದು ನಗುತ್ತಾರೆ. ಮಠದ ಕಚೇರಿಯಲ್ಲಿ ಫೋನಿದೆ. ಯಾರಾದರೂ ಹೋಗಿಬಿಟ್ಟರೆ ಮಾತ್ರ ಮಾಡು. ಉಳಿದದ್ದೆಲ್ಲ ಕಾಗದದಲ್ಲಿ ಬರೆ.

ಇನ್ನು ಕಾರಿನ ವಿಷಯ. ದಿನ ಬಿಟ್ಟು ದಿನ ಸ್ಟಾರ್ಟ್ ಮಾಡು. ಶನಿವಾರ ಅಮ್ಮನನ್ನು ಹಂಪಿಯ ಪ್ರಾಣದೇವರ ಗುಡಿಗೆ ಕರೆದುಕೊಂಡು ಹೋಗು. ಅರವತ್ತು ದಾಟಿಸಬೇಡ. ಹೋಂಡಾ ಸಿಟಿಯೇ ಆದರೂ ಅದಕ್ಕೂ ನನ್ನ ಹಾಗೆ ವಯಸ್ಸಾಗಿದೆ. ನನಗೆ ಒಂದೇ ಒಂದು ಅನುಮಾನ. ಹೊರಡುವ ದಿನ ಇಗ್ನಿಷನ್ ಟೈಮಿಂಗ್ ಸರಿಮಾಡಲು ಕೂತೆ. ಟೈಮಿಂಗ್ ನೋಡುವ ದೀಪ ಕೈಕೊಟ್ಟಿತು, ಬಸ್ಸಿಗೆ ಹೊತ್ತಾಗಿತ್ತು. ಎಂಜಿನ್ನಿನ ಸದ್ದು ಕೇಳಿ ಕಿವಿಯಲ್ಲೇ ಕೂರಿಸಿ ಬೋಲ್ಟು ಬಿಗಿದು ಬಂದೆ. ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಪಳಗಿದ ಕಿವಿ, ಮೋಸ ಮಾಡಲಿಕ್ಕಿಲ್ಲ. ಆದರೂ ಪ್ಲಗ್ಗಿನ ಕಿಡಿ ಒಂದು ಗಳಿಗೆ ಮುಂಚೆ ಬಿದ್ದರೂ ಎಂಜಿನ್ ಒಳಗೊಳಗೇ ಕುಟ್ಟಿಕೊಳ್ಳುತ್ತದೆ. ಸ್ವಲ್ಪ ಗಮನವಿಟ್ಟು ಕೇಳು. ಏನಾದರೂ ಅನ್ನಿಸಿದರೆ ಯಲ್ಲೇಶನ ಗ್ಯಾರೇಜಿಗೆ ಒಯ್ಯಿ, ಬೇರೆಯವರ ಕೈಗೆ ಕೊಡಬೇಡ.

ನಿನ್ನ ಅಪ್ಪ,
ವಿದ್ಯಾಧೀಶ


ಹೊಸಪೇಟೆ
19 ಜುಲೈ 2025
(ಅಂಚೆಗೆ ಹಾಕಲಿಲ್ಲ)

ಅಪ್ಪ,

ನೀವು ಹೇಳುವ ಮೊದಲೇ ಯಲ್ಲೇಶನ ಗ್ಯಾರೇಜಿಗೆ ಒಯ್ದಿದ್ದೇನೆ. ಒಯ್ದದ್ದು ಮಾತ್ರ ಬೇರೆ ಕೆಲಸಕ್ಕೆ. ನಿಮ್ಮ ಕಾರಿಗೆ ನೈಟ್ರಸ್ ಕಿಟ್ ಹಾಕಿಸಿದ್ದೇನೆ, ಎಂಜಿನ್ನಿಗೆ ದಿಢೀರನೆ ಹೆಚ್ಚಿನ ಶಕ್ತಿ ಕೊಡುವ ಗ್ಯಾಸಿನ ಸಲಕರಣೆ.

ಡಿಕ್ಕಿಯಲ್ಲಿ ಒಂದು ನೀಲಿ ಸಿಲಿಂಡರ್ ಇದೆ, ಅದರ ತುಂಬ ನೈಟ್ರಸ್ ಆಕ್ಸೈಡ್. ಅಲ್ಲಿಂದ ಕಾರಿನ ಅಡಿಯಲ್ಲಿ ಪೈಪು ಎಳೆದು, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ ತೂತು ಕೊರೆದು ನಾಜಲ್ ಕೂರಿಸಿದ್ದೇವೆ. ಸ್ವಿಚ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗ್ಯಾಸು, ಅದಕ್ಕೆ ತಕ್ಕಷ್ಟು ಹೆಚ್ಚಿನ ಪೆಟ್ರೋಲು, ಎರಡೂ ಕೂಡಿ ಒಳಗೆ ಚಿಮ್ಮುತ್ತವೆ. ಯಾವುದು ಎಷ್ಟು ಎಂದು ತೀರ್ಮಾನಿಸುವುದು ಜೆಟ್ ಎಂಬ ಎರಡು ಹಿತ್ತಾಳೆ ಚೂರುಗಳು, ಸಾಸಿವೆ ಕೂಡ ತೂರದ ತೂತು ಅವಕ್ಕೆ. ಗ್ಯಾಸು ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬಿದ್ದರೆ ಪಿಸ್ಟನ್ ಕರಗಿಹೋಗುತ್ತದೆ. ಅದಕ್ಕೇ ಎಲ್ಲಕ್ಕಿಂತ ಸಣ್ಣ ಜೆಟ್ಟಿನಿಂದ ಶುರುಮಾಡಿದ್ದೇವೆ. ನಸುಕಿನಲ್ಲಿ ಸಂಡೂರು ದಾಟಿ ಚೋರನೂರಿನ ಖಾಲಿ ರಸ್ತೆಗೆ ಹೋಗುವುದು, ಒಮ್ಮೆ ಒತ್ತುವುದು, ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡುವುದು. ನಾನು ದೊಡ್ಡ ಜೆಟ್ ಹಾಕು ಎಂದರೆ ಯಲ್ಲೇಶ್ ಒಪ್ಪುವುದಿಲ್ಲ. "ಅವಸರ ಮಾಡಬ್ಯಾಡಲೇ. ಪ್ಲಗ್ ಹೂಂ ಅನ್ಲಿ, ಆಮ್ಯಾಲೆ ಬದ್ಲಿ ಮಾಡೋಣು" ಎನ್ನುತ್ತಾನೆ. ಸಿಲಿಂಡರ್ ಕಾದರೆ ಒತ್ತಡ ಏರಿ ಗ್ಯಾಸು ಜಾಸ್ತಿ ನುಗ್ಗುತ್ತದೆ. ಚಳಿ ದೇಶದವರು ಅದಕ್ಕೆ ಹೀಟರ್ ಕಟ್ಟುತ್ತಾರಂತೆ. ನಮ್ಮೂರಿನಲ್ಲಿ ಹೀಟರ್ ಯಾರಿಗೆ ಬೇಕು? ಯಲ್ಲೇಶ್ ಒದ್ದೆ ಗೋಣಿ ಸುತ್ತಿಟ್ಟಿದ್ದಾನೆ, ಮಣ್ಣಿನ ಕೊಡಕ್ಕೆ ಸುತ್ತಿದಂತೆ.

ಯಾಕೆ ಮಾಡಿದೆ ಎಂದು ಕೇಳುತ್ತೀರಿ. ಚಿಕ್ಕವನಿದ್ದಾಗಿನಿಂದ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ನಮ್ಮನ್ನು ಎಲ್ಲರೂ ದಾಟಿಹೋಗುವುದನ್ನು ನೋಡಿದ್ದೇನೆ. ಕಬ್ಬಿನ ಟ್ರ್ಯಾಕ್ಟರು ಕೂಡ ಹಾರ್ನ್ ಹೊಡೆದು ಮುಂದೆ ಹೋಗುತ್ತಿತ್ತು. ನೀವು ನಗುತ್ತಾ ಕೈಬೀಸಿ ದಾರಿ ಬಿಡುತ್ತಿದ್ದಿರಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಸಲ ಅದು ಓಡುವುದನ್ನು ನೋಡಬೇಕು ಅನ್ನಿಸಿತ್ತು. ಓಡಿತು ಅಪ್ಪ. ಬೆನ್ನು ಸೀಟಿಗೆ ಅಂಟಿಕೊಂಡಿತು, ನಾನು ಹುಚ್ಚನ ಹಾಗೆ ಕೂಗಿದೆ.

ಇನ್ನೊಂದು ಮಾತು. ನೀವು ಕಿವಿಯಲ್ಲೇ ಕೂರಿಸಿದ ಟೈಮಿಂಗನ್ನು ಯಲ್ಲೇಶ್ ತನ್ನ ದೀಪ ಹಿಡಿದು ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅವನು ಮೆಚ್ಚಿ ತಲೆದೂಗಿದ. ಆಮೇಲೆ ನೈಟ್ರಸ್ಸಿಗೆ ಬೇಕಾದಂತೆ ಅದನ್ನು ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿದವರು ನಾವೇ.

ವೇದಾಂತ


ಹೊಸಪೇಟೆ
19 ಜುಲೈ 2025

ಅಪ್ಪನಿಗೆ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ. ಅಮ್ಮ ಆರಾಮಾಗಿದ್ದಾರೆ. ನನ್ನ ಗಣಿಯ ಸರ್ವೇ ಕೆಲಸ ಎಂದಿನಂತೆ ನಡೆದಿದೆ, ಸಂಜೆ ಮನೆಗೆ ಬಂದರೆ ಸಂಡೂರಿನ ಕೆಂಪು ಧೂಳು ಕಿವಿಯಲ್ಲೂ ಇರುತ್ತದೆ. ಕಾರು ಚೆನ್ನಾಗಿ ಓಡುತ್ತಿದೆ. ಯಾವ ಸದ್ದೂ ಇಲ್ಲ.

ಒಂದು ವಿಷಯ ಕೇಳಬೇಕಿತ್ತು. ಸ್ಪಾರ್ಕ್ ಪ್ಲಗ್ ನೋಡಿ ಎಂಜಿನ್ನಿನ ಆರೋಗ್ಯ ಹೇಳಬಹುದು ಎಂದು ನೀವು ಆಗಾಗ ಹೇಳುತ್ತಿದ್ದಿರಿ. ನಾನು ಆಗ ಗಮನ ಕೊಡಲಿಲ್ಲ. ಈಗ ಕಲಿಯಬೇಕು ಅನ್ನಿಸಿದೆ. ಸ್ವಲ್ಪ ವಿವರವಾಗಿ ಬರೆಯುತ್ತೀರಾ?

ನಿಮ್ಮ ಮಗ,
ವೇದಾಂತ


ಮಂತ್ರಾಲಯ
29 ಜುಲೈ 2025

ಚಿ. ವೇದಾಂತನಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಎಷ್ಟು ಸಂತೋಷವಾಯಿತು ಎಂದರೆ, ಶೀನಪ್ಪನವರಿಗೆ ಓದಿದೆ, ಪಕ್ಕದ ಕೋಣೆಯವರಿಗೂ ಓದಿದೆ. ಪಾಪ, ಅವರಿಗೆ ಪ್ಲಗ್ಗೂ ಗೊತ್ತಿಲ್ಲ, ಪಿಸ್ಟನ್ನೂ ಗೊತ್ತಿಲ್ಲ. ಕೈ ಕರಿ ಮಾಡಿಕೊಳ್ಳುವ ನನ್ನ ಕೆಲಸದ ಬಗ್ಗೆ ನೀನು ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲು. ಎಷ್ಟು ಕಾಲದಿಂದ ಕಾಯುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

ಕೇಳು. ಪ್ಲಗ್ಗಿನ ತುದಿಯಲ್ಲಿ ಬಿಳಿ ಪಿಂಗಾಣಿ ಇದೆಯಲ್ಲ, ಅದೇ ಎಂಜಿನ್ನಿನ ನಾಲಿಗೆ. ವೈದ್ಯರು ನಾಲಿಗೆ ನೋಡುವ ಹಾಗೆ ನೋಡು. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಎಲ್ಲ ಸರಿ. ಕಾಡಿಗೆಯಂಥ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲದು, ಒಳಗೆ ಕಾಯುತ್ತಿದೆ. ಭೂತಗನ್ನಡಿ ಹಿಡಿದು ಬಿಸಿಲಲ್ಲಿ ನೋಡು. ಬೆಳ್ಳಿಯ ಪುಡಿ ಉದುರಿದ ಹಾಗೆ ಸಣ್ಣ ಚುಕ್ಕೆ ಮಿನುಗಿದರೆ ಕಾರನ್ನು ಅಲ್ಲೇ ನಿಲ್ಲಿಸು, ಒಂದು ಮಾರು ಕೂಡ ಓಡಿಸಬೇಡ. ಅದು ಪಿಸ್ಟನ್ನಿನ ಲೋಹ, ಕರಗಿ ಹಾರಿ ಬಂದು ಅಲ್ಲಿ ಅಂಟಿರುತ್ತದೆ. ಕಿಡಿ ಮುಂಚೆ ಬಿದ್ದು ಎಂಜಿನ್ ಕುಟ್ಟಿದರೆ ಹಾಗಾಗುತ್ತದೆ.

ನಾನು ಊರಿಗೆ ಬಂದಮೇಲೆ ಇಬ್ಬರೂ ಕೂತು ಎಂಜಿನ್ ಬಿಚ್ಚೋಣ. ನಿನ್ನ ಕೈಗೆ ಸ್ಪ್ಯಾನರ್ ಕೊಡುತ್ತೇನೆ, ನಾನು ಬರೀ ನೋಡುತ್ತೇನೆ.

ನಿನ್ನ ಅಪ್ಪ


ಹೊಸಪೇಟೆ
12 ಆಗಸ್ಟ್ 2025

ಅಪ್ಪನಿಗೆ ನಮಸ್ಕಾರ.

ಗಾಬರಿಯಾಗಬೇಡಿ, ಅಮ್ಮ ಮತ್ತು ನಾನು ಇಬ್ಬರೂ ಚೆನ್ನಾಗಿದ್ದೇವೆ. ಶನಿವಾರ ಹಂಪಿಗೆ ಹೋಗಿದ್ದೆವು. ಬರುವಾಗ ಅಮ್ಮ ಕಮಲಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಳಿದರು. ಆಮೇಲೆ ಕಂಪ್ಲಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಎಂಜಿನ್ನಿನಿಂದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂತು, ಹಿಂದೆಯೇ ಶಕ್ತಿ ಕುಸಿಯಿತು. ನಿಲ್ಲಿಸಿ ನೋಡಿದೆ. ಯಲ್ಲೇಶ್ ತನ್ನ ಊರು ಮೆಟ್ರಿಯಿಂದ ಟ್ರ್ಯಾಕ್ಟರ್ ತಂದು ಕಾರನ್ನು ಎಳೆದುಕೊಂಡು ಬಂದ.

ಎರಡನೇ ಸಿಲಿಂಡರಿನ ಪ್ಲಗ್ಗಿನಲ್ಲಿ ನೀವು ಬರೆದ ಬೆಳ್ಳಿ ಚುಕ್ಕೆಗಳಿವೆ. ಇನ್ನು ಎಂಜಿನ್ ಉಳಿಯುತ್ತದೆಯೇ? ಬಿಚ್ಚದೆ ತಿಳಿಯುವ ದಾರಿ ಇದೆಯೇ?

ವೇದಾಂತ


ಮಂತ್ರಾಲಯ
19 ಆಗಸ್ಟ್ 2025

ಚಿ. ವೇದಾಂತನಿಗೆ,

ಕಾಗದ ಓದಿ ಕೂತಲ್ಲೇ ಕೂತುಬಿಟ್ಟೆ. ಮಧ್ಯಾಹ್ನದ ಪ್ರವಚನಕ್ಕೂ ಹೋಗಲಿಲ್ಲ.

ತಪ್ಪು ನನ್ನದು. ಬೇರೆ ಕಾರಣವೇ ಇಲ್ಲ. ದೀಪ ಕೆಟ್ಟಾಗ ಯಲ್ಲೇಶನ ಹತ್ತಿರ ಕಳಿಸಬೇಕಿತ್ತು, ಇಲ್ಲವೇ ಬಸ್ಸು ಬಿಡಬೇಕಿತ್ತು. ಎರಡೂ ಮಾಡದೆ ನನ್ನ ಕಿವಿಯನ್ನು ನಂಬಿದೆ. ಮುದುಕನ ಕಿವಿ, ಮುದುಕನ ಅಹಂಕಾರ. ಕಿಡಿ ಮುಂಚೆ ಬಿದ್ದಿದೆ, ಒಂದು ತಿಂಗಳು ಪಿಸ್ಟನ್ ಪೆಟ್ಟು ತಿಂದಿದೆ, ಕೊನೆಗೆ ಸೋತಿದೆ. ಎಂಜಿನ್ ಹೋದರೆ ಹೋಗಲಿ, ಕಬ್ಬಿಣ. ಆದರೆ ಆ ಕಾರಿನಲ್ಲಿ ನಿನ್ನನ್ನೂ ನಿನ್ನ ಅಮ್ಮನನ್ನೂ ಕೂರಿಸಿ ಕಳಿಸಿದವನು ನಾನು. ಅದು ನಡುರಸ್ತೆಯಲ್ಲಿ ಕಚ್ಚಿಕೊಂಡು ನಿಂತಿದ್ದರೆ? ಹಿಂದೆ ಅದಿರಿನ ಲಾರಿ ಇದ್ದಿದ್ದರೆ? ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಈಗ ದಧಿವ್ರತ, ಹೇಗೂ ಮೊಸರು ಮಜ್ಜಿಗೆ ಇಲ್ಲ. ಇವತ್ತಿನಿಂದ ಚಾತುರ್ಮಾಸ್ಯ ಮುಗಿಯುವವರೆಗೆ ಒಪ್ಪತ್ತು ಊಟ ಎಂದು ಗುರುಗಳ ಮುಂದೆ ನಿಂತು ಸಂಕಲ್ಪ ಮಾಡಿದ್ದೇನೆ. ಅಷ್ಟಾದರೂ ಮಾಡದಿದ್ದರೆ ನನಗೆ ಸಮಾಧಾನವಿಲ್ಲ. ಅಮ್ಮನಿಗೆ ಹೇಳಬೇಡ. ಸಕ್ಕರೆ ಕಾಯಿಲೆಯವನಿಗೆ ಇದೆಲ್ಲ ಯಾಕೆ ಎಂದು ಬೈಯುತ್ತಾಳೆ.

ಎಂಜಿನ್ ಬಿಚ್ಚಿಸು. ಯಲ್ಲೇಶನಿಗೆ ನನ್ನ ತಪ್ಪನ್ನು ಹೇಳು, ಮುಚ್ಚಿಡಬೇಡ.

ಅಪ್ಪ


ಹೊಸಪೇಟೆ
26 ಆಗಸ್ಟ್ 2025

ಅಪ್ಪ,

ದಯವಿಟ್ಟು ಎರಡು ಹೊತ್ತೂ ಊಟ ಮಾಡಿ. ಮಾತ್ರೆ ನುಂಗಿ ಉಪವಾಸ ಇರಬಾರದು ಎಂದು ಡಾಕ್ಟರು ನನ್ನೆದುರಿಗೇ ನಿಮಗೆ ಹೇಳಿದ್ದರು.

ತಪ್ಪು ನಿಮ್ಮದಲ್ಲ, ನನ್ನದು. ನೀವು ಬೇಡವೆಂದರೂ ನಾನು ಕಾರನ್ನು ಜೋರಾಗಿ ಓಡಿಸಿದೆ. ಅರವತ್ತಲ್ಲ, ನೂರಿಪ್ಪತ್ತು, ನೂರಮೂವತ್ತು. ಒಂದು ದಿನವಲ್ಲ, ಹಲವು ದಿನ. ಅದಕ್ಕೇ ಹೀಗಾಯಿತು. ನಿಮ್ಮ ಟೈಮಿಂಗ್ ಸರಿಯಾಗಿಯೇ ಇತ್ತು. ನನ್ನನ್ನು ಬೈಯಿರಿ, ಆದರೆ ಊಟ ಬಿಡಬೇಡಿ.

ಯಲ್ಲೇಶ್ ಈ ಕಾಗದ ಓದಿ, "ಅರ್ಧ ಹೇಳಿದ್ರ ಹೇಳಿದಂಗ ಆಗಂಗಿಲ್ಲಲೇ" ಎಂದ. ಅವನು ಹೇಳುತ್ತಿರುವುದು ನನ್ನ ವೇಗದ ಬಗ್ಗೆ. ನಾನು ಇನ್ನೂ ಜೋರಾಗಿ ಓಡಿಸಿದ್ದೂ ಇದೆ.

ವೇದಾಂತ


ಮಂತ್ರಾಲಯ
1 ಸೆಪ್ಟೆಂಬರ್ 2025

ನನ್ನ ಮಗು ವೇದಾಂತನಿಗೆ,

ಎಂಜಿನ್ ಸರಿ ಇದ್ದರೆ ಬರೀ ವೇಗಕ್ಕೆ ಪಿಸ್ಟನ್ ಕರಗುವುದಿಲ್ಲ. ಆ ಎಂಜಿನ್ ಓಡುವುದಕ್ಕೇ ಹುಟ್ಟಿದ್ದು, ಹೆದರಿ ಅರವತ್ತರಲ್ಲಿ ಓಡಿಸುತ್ತಿದ್ದವನು ನಾನು. ಇದು ನನಗೆ ಗೊತ್ತಿಲ್ಲವೆಂದುಕೊಂಡೆಯಾ?

ಅಪ್ಪನ ತಪ್ಪನ್ನು ನಿನ್ನ ತಲೆಗೆ ಹಾಕಿಕೊಳ್ಳಲು ಹೊರಟಿದ್ದೀಯೆ. ಒಂದು ಹೊತ್ತಿನ ಊಟ ತಪ್ಪದಿರಲಿ ಎಂದು ಸುಳ್ಳು ಬರೆದಿದ್ದೀಯೆ. ಯಲ್ಲೇಶನಿಗೂ ಅದು ಗೊತ್ತಾಗಿದೆ, ಪೂರ್ತಿ ನಿಜ ಬರೆ ಎಂದಿದ್ದಾನೆ, ನೀನು ಕೇಳಿಲ್ಲ. ಕಾಗದವನ್ನು ಶೀನಪ್ಪನವರಿಗೆ, ಪಂಕ್ತಿಯವರಿಗೆಲ್ಲ ಓದಿ ಹೇಳಿದೆ. ಇಂಥ ಮಗನನ್ನು ಆ ಕಾರಿನಲ್ಲಿ ಕೂರಿಸಿದೆನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಒಪ್ಪತ್ತು ಬಿಡುವ ಮಾತೇ ಇಲ್ಲ. ಇನ್ನು ಮೂರು ದಿನಕ್ಕೆ ಕ್ಷೀರವ್ರತ, ರಾತ್ರಿ ಕುಡಿಯುವ ಹಾಲೂ ನಿಲ್ಲುತ್ತದೆ. ಇರಲಿ, ನನಗೇನೂ ಆಗುವುದಿಲ್ಲ.

ಅಪ್ಪ

(ಕಾಗದದ ಅಂಚಿನಲ್ಲಿ, ಬೇರೆ ಕೈಬರಹ)

ವೇದಾಂತ, ನಾ ಶೀನಪ್ಪ ಬರ್ಯಾಕತ್ತೀನಿ. ಅಂಚೆಗೆ ಹಾಕಾಕ ನನ್ನ ಕೈಗೆ ಕೊಟ್ಟಾರ, ನಿಮ್ಮಪ್ಪಗ ಗೊತ್ತಿಲ್ಲ. ನಿನ್ನೆ ಹೊಳಿ ಮೆಟ್ಟಲದಾಗ ಕಣ್ಣು ಕತ್ಲಿ ಬಂದು ಕುಸುದು ಬಿದ್ರು. ಮಂದಿ ಎತ್ತಿ ಬೆಲ್ಲದ ನೀರು ಕುಡಿಸಿದ್ರು. ಫೋನ್ ಮಾಡಬ್ಯಾಡ್ರಿ ಅಂತ ಆಣಿ ಹಾಕ್ಯಾರ. ಯಾರ ಮಾತೂ ಕೇಳವಲ್ರು. ನೀ ಏನರ ಮಾಡಪ್ಪ, ಜಲ್ದಿ ಮಾಡು.


ಹೊಸಪೇಟೆ
6 ಸೆಪ್ಟೆಂಬರ್ 2025
(ಸ್ಪೀಡ್ ಪೋಸ್ಟ್)

ಅಪ್ಪ,

ನಿನ್ನೆ ನಿಮ್ಮ ಕಾಗದ ಬಂದ ಕೂಡಲೇ ಮಠದ ಕಚೇರಿಗೆ ಫೋನ್ ಮಾಡಿದೆ. "ಯಾರರ ತೀರಿಕೊಂಡಾರೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಕಾಗದ ಬರೆಯಿರಿ, ನಿಮ್ಮ ತಂದೆಯವರೇ ಹಾಗೆ ಹೇಳಿದ್ದಾರೆ ಎಂದರು. ನಾನು ಇನ್ನೊಂದು ಮಾತು ಆಡಿದ್ದರೆ ನಿಮ್ಮನ್ನು ಕರೆಯುತ್ತಿದ್ದರು. ಆಡಲಿಲ್ಲ. ಆಮೇಲೆ ಬಸ್ ಹತ್ತಿದೆ. ಬಳ್ಳಾರಿಯಲ್ಲಿ ಇಳಿದು ಮುಂದಿನ ಬಸ್ಸಿಗೆ ನಿಂತೆ. ಬಸ್ ಬಂತು, ಹತ್ತಲಿಲ್ಲ. ವಾಪಸ್ ಬಂದೆ. ನಿಮ್ಮ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಬರೆಯುತ್ತೇನೆ.

ನಾನು ನಿಮ್ಮನ್ನು ಉಳಿಸಲು ಸುಳ್ಳು ಹೇಳಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ಅರ್ಧ ನಿಜ ಹೇಳಿದೆ. ನೀವು ಹೋದ ವಾರದಲ್ಲೇ ಕಾರಿಗೆ ನೈಟ್ರಸ್ ಕಿಟ್ ಹಾಕಿಸಿದ್ದೆ. ಎಂಜಿನ್ನಿಗೆ ಹೆಚ್ಚು ಗಾಳಿ ಕುಡಿಸಿ ಓಡಿಸುವ ಗ್ಯಾಸು ಅದು. ಹಿತ್ತಾಳೆಯ ಒಂದು ಜೆಟ್ಟನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಇದನ್ನೂ ನೀವು ನಂಬದೆ ಹೋದರೆ ಎಂಬ ಭಯಕ್ಕೆ. ಪ್ಲಗ್ ನೋಡುವುದನ್ನು ಕಲಿಸಿ ಎಂದು ಕೇಳಿದ್ದೂ ಅದಕ್ಕೇ, ಯಾವ ಜೆಟ್ ಹಾಕಬೇಕೆಂದು ತಿಳಿಯಲು. ಯಲ್ಲೇಶ್ ತನಗೆ ಗೊತ್ತಿದ್ದಷ್ಟು ಜಾಗ್ರತೆ ಮಾಡಿದ್ದ. ಸಿಲಿಂಡರಿನ ಮೇಲೆ ಯಾವಾಗಲೂ ಒದ್ದೆ ಗೋಣಿ ಇರಬೇಕು, ಹಗಲು ಬಿಸಿಲಲ್ಲಿ ಸ್ವಿಚ್ ಮುಟ್ಟಬಾರದು ಎಂದಿದ್ದ.

ಆ ಶನಿವಾರ ಅಮ್ಮ ಪ್ರಾಣದೇವರಿಗೆ ಮಡಿಯಲ್ಲಿ ನೈವೇದ್ಯ ಮಾಡಿಕೊಂಡಿದ್ದರು. ಪಾತ್ರೆಯನ್ನು ಡಿಕ್ಕಿಯಲ್ಲಿ ಇಡಬೇಕಿತ್ತು. ಸಿಲಿಂಡರ್ ಕಂಡು ಕೇಳಿದಾಗ ಏಸಿ ಗ್ಯಾಸು ಎಂದೆ, ನಂಬಿದರು. ಗೋಣಿ ಮಾತ್ರ ಆಗುವುದಿಲ್ಲ ಎಂದರು. "ಗ್ಯಾರೇಜಿನ ಗೋಣಿ, ಯಾರ್ ಯಾರು ಮುಟ್ಯಾರೋ ಏನೋ, ಮಡಿ ಕೆಡ್ತದ. ತಗದು ಹೊರಗ ಹಾಕು." ತೆಗೆದೆ. ಅದು ಯಾಕೆ ಬೇಕು ಎಂದು ಹೇಳಿದ್ದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಹಂಪಿಯಲ್ಲಿ ಮಧ್ಯಾಹ್ನದವರೆಗೆ ಕಾರು ಬಂಡೆಗಳ ನಡುವೆ ಬಿಸಿಲಲ್ಲಿ ನಿಂತಿತ್ತು. ಕಮಲಾಪುರದಲ್ಲಿ ಅಮ್ಮ ಇಳಿದರು. ಮುಂದೆ ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ಸ್ವಿಚ್ ಹಾಕಿ ಒತ್ತಿದೆ. ಕಾದ ಸಿಲಿಂಡರಿನಿಂದ ಗ್ಯಾಸು ಮಿತಿಮೀರಿ ನುಗ್ಗಿತು, ಪೆಟ್ರೋಲು ಅಷ್ಟೇ ಇತ್ತು. ಪಿಸ್ಟನ್ ಕರಗಿತು.

ನೀವು ಕೂರಿಸಿದ ಟೈಮಿಂಗ್ ದೀಪ ಹಿಡಿದು ನೋಡಿದರೂ ತಪ್ಪು ಸಿಗದಷ್ಟು ಸರಿಯಾಗಿತ್ತು. ಅದನ್ನು ಕೆಡಿಸಿದವರು ನಾವು. ಇದು ನನಗೆ ಜುಲೈಯಿಂದ ಗೊತ್ತು. ನೀವು ಒಪ್ಪತ್ತು ಎಂದು ಬರೆದ ದಿನವೂ ಗೊತ್ತಿತ್ತು. ನೀವು ಹಸಿದಿದ್ದೀರಿ ಎಂದು ತಿಳಿದೇ ನಾನು ಎರಡು ಹೊತ್ತು ಉಂಡೆ, ಅಪ್ಪ. ಅಮ್ಮ ಬಡಿಸಿದ್ದನ್ನೆಲ್ಲ ಉಂಡೆ.

ಊಟ ಮಾಡಿ. ನನ್ನನ್ನು ಕ್ಷಮಿಸುವುದು ಆಮೇಲೆ, ಆಗದಿದ್ದರೆ ಬಿಡಿ.

ವೇದಾಂತ


ಮಂತ್ರಾಲಯ
10 ಸೆಪ್ಟೆಂಬರ್ 2025

ವೇದಾಂತ,

ಕಾಗದ ಬಂತು, ಜೆಟ್ಟೂ ಬಂತು.

ಮೊದಲು ಸಿಲಿಂಡರಿನ ವಾಲ್ವು ಮುಚ್ಚಿ ಕಾರಿನಿಂದ ಇಳಿಸು. ಮನೆಯೊಳಗೆ ಬೇಡ, ಅಡುಗೆ ಒಲೆಯ ಹತ್ತಿರ ಬೇಡವೇ ಬೇಡ. ಯಲ್ಲೇಶನ ಗ್ಯಾರೇಜಿನಲ್ಲಿ ನೆರಳಿರುವ ಮೂಲೆಯಲ್ಲಿ ಇರಲಿ. ಅಷ್ಟು ಮಾಡಿ ಬಂದು ಮುಂದಿನದನ್ನು ಓದು.

ಯಲ್ಲೇಶನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲೆ ಇದೆ. ಕಾರಿಗಾಗಿ ಅಲ್ಲ. ಟ್ರ್ಯಾಕ್ಟರು ದಾಟಿಹೋದಾಗ ನೀನು ಹಿಂದಿನ ಸೀಟಿನಲ್ಲಿ ಮುಖ ಗಂಟಿಕ್ಕುತ್ತಿದ್ದುದು ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು, ಬಾಯಿಬಿಟ್ಟು ಕೇಳಿದ್ದರೆ ಒಂದು ದಿನ ನಾನೇ ಒತ್ತುತ್ತಿದ್ದೆನೋ ಏನೋ. ಟೈಮಿಂಗ್ ಸರಿ ಇತ್ತು ಎಂಬ ಒಂದು ಸಾಲನ್ನು ನೀನು ಬರೆಯಲಿಲ್ಲ. ಮೂರು ವಾರ ನಾನು ನನ್ನ ಕಿವಿಯನ್ನು ಶಪಿಸಿಕೊಂಡು ಮಲಗಿದ್ದೇನೆ. ಅದಕ್ಕೆ ಸಿಟ್ಟು.

ಒಪ್ಪತ್ತನ್ನು ನಿಲ್ಲಿಸಿದ್ದೇನೆ. ಮಾಡದ ತಪ್ಪಿಗೆ ಪ್ರಾಯಶ್ಚಿತ್ತವಿಲ್ಲ. ಸೋಮವಾರ ಸಂಜೆ ನಾನು ಪಂಕ್ತಿಯಲ್ಲಿ ಎಲೆಯ ಮುಂದೆ ಕೂತದ್ದು ನೋಡಿ ಶೀನಪ್ಪನವರು ಖುಷಿಯಿಂದ ನನ್ನ ಕೈ ಹಿಡಿದರು. "ಅಂತೂ ಮಗ ಗೆದ್ದನ್ರಿ! ಏನ್ ಬರದಿದ್ದ ಕಾಗದದಾಗ? ನಮಗೂ ಒಂದೀಟು ಓದಿ ಹೇಳ್ರಿ" ಎಂದರು. ಪಂಕ್ತಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಹೋದ ಸಲ ನಿನ್ನ ಕಾಗದ ಓದಿ, ನನ್ನ ಮಗ ನನಗಾಗಿ ತಪ್ಪು ಹೊತ್ತಿದ್ದಾನೆ ಎಂದು ಅವರಿಗೆಲ್ಲ ಹೇಳಿಕೊಂಡಿದ್ದೆನಲ್ಲ. ನಾನು ಹೇಳಿದೆ: "ಹೂಂ ರಿ, ಅಪ್ಪ ಊಟ ಮಾಡದಿದ್ರ ನಾನೂ ಮಾಡಂಗಿಲ್ಲ ಅಂತ ಬರದಾನ." ಎಲ್ಲರೂ ಭಲೇ ಎಂದರು. ಒಬ್ಬರು ಕಣ್ಣು ಒರೆಸಿಕೊಂಡರು.

ಗುರುಗಳ ಸನ್ನಿಧಿ, ವ್ರತದ ನಡುವೆ, ಎಲೆಯ ಮುಂದೆ ಕೂತು ಆಡಿದ ಸುಳ್ಳು. ಇದು ನಿನ್ನದಲ್ಲ, ನನ್ನದೇ. ಈಗ ಎರಡು ಹೊತ್ತೂ ಅದೇ ಪಂಕ್ತಿಯಲ್ಲಿ ಕೂರುತ್ತೇನೆ, ಎರಡು ಹೊತ್ತೂ ಅವರು ನಿನ್ನನ್ನು ಹೊಗಳುತ್ತಾರೆ, ಎರಡು ಹೊತ್ತೂ ನಾನು ತಲೆ ಬಗ್ಗಿಸಿ ಉಣ್ಣುತ್ತೇನೆ.

ಈ ಸಲ ಬಳ್ಳಾರಿಯಿಂದ ಹಿಂದಿರುಗಬೇಡ. ಇಲ್ಲಿಗೆ ಬಾ. ಊಟದ ಹೊತ್ತಿಗೆ ಬಾ, ನನ್ನ ಪಕ್ಕದಲ್ಲಿ ಕೂತು ಅವರಿಗೆ ನೀನೇ ಹೇಳು. ನನ್ನ ಮಗ ಹೀಗೆ ಮಾಡಿದ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ.

ಅಪ್ಪ